ಉಪವಾಸಕ್ಕೂ ಒಂದು ದರಪಟ್ಟಿ

ಹೋಟೆಲಿನ ಗೋಡೆಯ ಮೇಲಿನ ದರಪಟ್ಟಿಯನ್ನು ಓದಿ, ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡು ಕೂರುವುದು ನಮಗೆಲ್ಲ ರೂಢಿ. ಆದರೆ ಊಟ ಬಿಡುವುದಕ್ಕೂ ದರ ಗೊತ್ತುಪಡಿಸಿದ ಕೀರ್ತಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ್ದು. ಅಲ್ಲಿನ ಕಾರ್ಯಕಾರಿ ಮಂಡಳಿ 2023ರ ನವೆಂಬರಿನಲ್ಲಿ ಒಪ್ಪಿದ ಶಿಸ್ತಿನ ಕೈಪಿಡಿಯ ಪ್ರಕಾರ, ಅನುಮತಿಯಿಲ್ಲದೆ ಬೀಳ್ಕೊಡುಗೆ ಕೂಟವನ್ನೋ ಡಿಜೆ ಕುಣಿತವನ್ನೋ ಏರ್ಪಡಿಸಿದರೆ 6,000 ರೂಪಾಯಿ, 'ದೇಶವಿರೋಧಿ' ಚಟುವಟಿಕೆಗೆ 10,000 ರೂಪಾಯಿ, ಪಾಠದ ಅಥವಾ ಆಡಳಿತದ ಕಟ್ಟಡಗಳಿಂದ 100 ಮೀಟರ್ ಒಳಗೆ ಧರಣಿಗೋ ಉಪವಾಸಕ್ಕೋ ಕುಳಿತರೆ 20,000 ರೂಪಾಯಿವರೆಗೆ ದಂಡ. ದೇಶದ ಮಾನಕ್ಕಿಂತ ಸಾಹೇಬರ ಕಿಟಕಿಯ ನೆಮ್ಮದಿ ಎರಡು ಪಟ್ಟು ತೂಗುತ್ತದೆಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟ ಮತ್ತೊಂದು ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದು ಮೊದಲ ಪ್ರಯತ್ನವೇನಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ 50,000 ರೂಪಾಯಿವರೆಗಿನ ದಂಡದ ನಿಯಮಗಳು ಬಂದು, ವಿದ್ಯಾರ್ಥಿಗಳು ಸಿಡಿದೆದ್ದಾಗ, ಮಾರ್ಚ್ ಆರಂಭದಲ್ಲಿ ವಾಪಸಾಗಿದ್ದವು. ಅಂಥದೊಂದು ಸುತ್ತೋಲೆ ತಮಗೆ ಗೊತ್ತೇ ಇಲ್ಲ, ತಾವು ಸಮ್ಮೇಳನಕ್ಕೆಂದು ಹುಬ್ಬಳ್ಳಿಯಲ್ಲಿದ್ದೇವೆ ಎಂದು ಕುಲಪತಿಗಳು ಆಗ ಹೇಳಿದರು. ಹುಬ್ಬಳ್ಳಿಯ ಪೇಡೆಯ ಅಂಗಡಿಗಳ ಮುಂದೆ ನಿಂತವರಿಗೆ ದೆಹಲಿಯ ಕಡತ ಮರೆತುಹೋದರೆ ಅದು ನಮ್ಮ ನಾಡಿನ ಆತಿಥ್ಯದ ಹಿರಿಮೆಯೇ ಸರಿ!

ಇನ್ನು ಆ 100 ಮೀಟರ್. ಆಡಳಿತ ಕಟ್ಟಡದ ಸುತ್ತ ಈ ಗೆರೆ 2017ರಲ್ಲಿ ದೆಹಲಿ ಹೈಕೋರ್ಟಿನ ಆದೇಶದಿಂದ ಬಂದದ್ದು. ಕೈಪಿಡಿ ಅದನ್ನು ಪಾಠದ ಕಟ್ಟಡಗಳಿಗೂ ಎಳೆಯಿತು. ಹೀಗಾಗಿ ಉಪವಾಸ ಹೂಡುವ ವಿದ್ಯಾರ್ಥಿ ಮೊದಲು ಟೇಪು ಹಿಡಿದು ಒಂದು ಕಟ್ಟಡದ ಮೆಟ್ಟಿಲಿನಿಂದ ಅಳೆಯಬೇಕು. ತೊಂಬತ್ತನೆಯ ಮೀಟರಿಗೆ ಬರುವಷ್ಟರಲ್ಲಿ ಎದುರಿನ ಕಟ್ಟಡದ ವೃತ್ತದೊಳಗೆ ಕಾಲಿಟ್ಟಿರುತ್ತಾನೆ. ಟೇಪು ಸುತ್ತಿಕೊಂಡು, ಚಾಪೆ ಹೆಗಲಿಗೇರಿಸಿ, ಮತ್ತೆ ನಡೆಯಬೇಕು. ಹಾಗೆ ನಡೆಯುತ್ತ ಹೋದರೆ ಕ್ಯಾಂಪಸ್ಸಿನ ಅರಾವಳಿ ಕುರುಚಲು ಕಾಡು ಸಿಗುತ್ತದೆ. ಅಲ್ಲಿ ನವಿಲುಗಳಿವೆ, ನೀಲಗಾಯ್‌ಗಳಿವೆ. ಹಾಸ್ಟೆಲ್ ಶುಲ್ಕದ ಅಹವಾಲನ್ನು ಅವು ಕಿವಿ ನಿಮಿರಿಸಿ ಕೇಳಿಯಾವು. ಮನವಿ ಪತ್ರಕ್ಕೆ ಸ್ವೀಕೃತಿಯ ಮೊಹರು ಒತ್ತುವ ಅಧಿಕಾರ ಮಾತ್ರ ಅವುಗಳಿಗೆ ಇನ್ನೂ ದೊರೆತಿಲ್ಲ.