ಬೇರೆಯಾದ ದಿನ ಯಾವುದು?

ಕ್ಯಾಲಿಫೋರ್ನಿಯಾದಲ್ಲಿ ಡಿವೋರ್ಸ್ ಅಂದ ತಕ್ಷಣ ಎಲ್ಲರೂ ಕೇಳುವುದು ಮನೆ ಯಾರಿಗೆ, ಮಕ್ಕಳು ಯಾರ ಹತ್ತಿರ ಅಂತ. ಗಂಡ ಹೆಂಡತಿ ಬೇರೆಯಾದ ತಾರೀಖು ಯಾವುದು ಅಂತ ಯಾರೂ ಕೇಳುವುದಿಲ್ಲ. ಅರ್ಜಿ ಹಾಕಿದ ದಿನವೇ ಅದಾಗಬೇಕಿಲ್ಲ, ತೀರ್ಪು ಬಂದ ದಿನವಂತೂ ಅಲ್ಲವೇ ಅಲ್ಲ.

ಅಲ್ಲಿ ಮದುವೆಯಾದ ದಿನದಿಂದ ಬೇರೆಯಾಗುವ ತನಕ ಯಾರು ದುಡಿದರೂ ಅದು ಇಬ್ಬರದ್ದು, ಅರ್ಧ ಅರ್ಧ. ಆಮೇಲೆ ದುಡಿದದ್ದು ದುಡಿದವರದ್ದೇ. ಸಂಬಳ, ಬೋನಸ್, ನಿವೃತ್ತಿ ಖಾತೆಗೆ ಹಾಕಿದ ಹಣ ಎಲ್ಲಕ್ಕೂ ಇದೇ ಗೆರೆ. ಕಂಪನಿ ತನ್ನ ನೌಕರರಿಗೆ ಕೊಡುವ ಷೇರುಗಳ ಲೆಕ್ಕ ಇನ್ನೂ ಕಷ್ಟ. ನಾಲ್ಕು ವರ್ಷದಲ್ಲಿ ಕೈಗೆ ಬರುವ ಷೇರು ಇದ್ದು ಎರಡನೇ ವರ್ಷ ಬೇರೆಯಾದರೆ, ಅದರಲ್ಲಿ ಒಟ್ಟಿಗಿದ್ದಾಗ ದುಡಿದ ಪಾಲೆಷ್ಟು ಅಂತ ದಿನ ಎಣಿಸುತ್ತಾರೆ. ತಾರೀಖು ಆರು ತಿಂಗಳು ಹಿಂದೆ ಮುಂದೆ ಆದರೆ ಪಾಲೇ ಬದಲಾಗುತ್ತದೆ. ಜೀವನಾಂಶಕ್ಕೂ ಇದರ ನಂಟಿದೆ. ಮದುವೆಯಾಗಿ ಬೇರೆಯಾಗುವ ಹೊತ್ತಿಗೆ 10 ವರ್ಷ ತುಂಬಿದ್ದರೆ ಸಾಮಾನ್ಯವಾಗಿ ಅದನ್ನು ದೀರ್ಘ ಮದುವೆ ಅಂತ ಹಿಡಿಯುತ್ತಾರೆ. ಒಂಬತ್ತೂ ಮುಕ್ಕಾಲು ವರ್ಷದಲ್ಲಿ ಬೇರೆಯಾದೆವು ಅಂತ ಒಬ್ಬರು, ಇಲ್ಲ ಹತ್ತು ದಾಟಿತ್ತು ಅಂತ ಇನ್ನೊಬ್ಬರು ಹಟ ಹಿಡಿದರೆ ಅದು ಸುಮ್ನೆ ಹಟವಲ್ಲ.



2015ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು, ಒಂದೇ ಮನೆಯಲ್ಲಿ ಇರುವವರು ಬೇರೆಯಾದಂತಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತ್ತು. ಆ ನಿಯಮವನ್ನು ಶಾಸನಸಭೆ ತೆಗೆದುಹಾಕಿತು. 2017ರ ಜನವರಿ 1ರಿಂದ, ಮದುವೆ ಮುಗಿಯಿತು ಅಂತ ಒಬ್ಬರು ಇನ್ನೊಬ್ಬರಿಗೆ ತಿಳಿಸಿರಬೇಕು, ನಡೆದುಕೊಳ್ಳುವ ರೀತಿಯೂ ಅದಕ್ಕೆ ತಕ್ಕಂತೆ ಇರಬೇಕು, ಅಷ್ಟೇ. ನನಗೆ ಇದೇ ಸರಿ ಅನಿಸುತ್ತದೆ. ಎರಡು ಮನೆ ಬಾಡಿಗೆ ಕಟ್ಟುವ ಶಕ್ತಿ ಎಷ್ಟು ಜನಕ್ಕಿದೆ? ಮಕ್ಕಳ ಪರೀಕ್ಷೆ ಮುಗಿಯಲಿ ಅಂತ ಬೇರೆ ಕೋಣೆಯಲ್ಲಿ ಮಲಗಿ ದಿನ ದೂಡುವವರೂ ಇರುತ್ತಾರೆ ಅಲ್ವಾ?

ಆದರೆ ಒಂದೇ ಸೂರಿನಡಿ ಇದ್ದವರಿಗೆ ಪುರಾವೆ ತೋರಿಸುವುದೇ ಕಷ್ಟ. ನೀವು ಮಾರ್ಚ್ ಅಂತೀರಿ. ಅವರು ಆಗಸ್ಟಿನಲ್ಲಿ ಜೊತೆಯಾಗಿ ಪ್ರವಾಸ ಹೋದ ಫೋಟೋ ತೆಗೆದು ತೋರಿಸುತ್ತಾರೆ. ಅದಕ್ಕೇ ಹೇಳುತ್ತೇನೆ, ನಿರ್ಧಾರ ನಿಜವಾಗಿಯೂ ಆಗಿದ್ದರೆ ಅವತ್ತೇ ಒಂದು ಇಮೇಲಿನಲ್ಲಿ ಬರೆದು ಕಳಿಸಿ. ಕೋಪದಲ್ಲಿ ಬೇಡ, ಎರಡೇ ಸಾಲು ಸಾಕು. ಜಂಟಿ ಖಾತೆಯನ್ನು ಏನು ಮಾಡುವುದು ಅಂತಲೂ ಮಾತಾಡಿಕೊಳ್ಳಿ.

ನನಗೆ ಜಾಸ್ತಿ ಚಿಂತೆ ಇರುವುದು ಮನೆ, ಮಕ್ಕಳು ಅಂತ ಕೆಲಸ ಬಿಟ್ಟು ಕೂತವರ ಬಗ್ಗೆ. ತಾರೀಖು ಹಿಂದೆ ಸರಿದಷ್ಟೂ ಸಾಮಾನ್ಯವಾಗಿ ಅವರ ಪಾಲು ಕರಗುತ್ತದೆ. ಅರ್ಜಿಯ ಫಾರಂನಲ್ಲಿ ಬೇರೆಯಾದ ದಿನಕ್ಕೆ ಒಂದು ಜಾಗ ಇರುತ್ತದೆ, ಅರ್ಜಿ ಹಾಕಿದವರು ಅಲ್ಲಿ ತಮಗೆ ಸರಿ ಕಂಡ ತಾರೀಖು ಬರೆದಿರುತ್ತಾರೆ. ಉತ್ತರದ ಫಾರಂನಲ್ಲೂ ಅದೇ ಜಾಗ ನಿಮಗೂ ಇದೆ. ಅವರದ್ದನ್ನು ನೋಡಿ ನಕಲು ಮಾಡಬೇಡಿ. ನಿಮ್ಮ ನೆನಪಿನ ತಾರೀಖು ಬೇರೆಯಾಗಿದ್ದರೆ ಅದನ್ನೇ ಬರೆಯಿರಿ.