ಕೆಂಪು ಗೆರೆಗೆ ಕತ್ತರಿ

ಆ್ಯಂಟಿಬಯಾಟಿಕ್ ಔಷಧಗಳಿಗೆ ರೋಗಾಣುಗಳು ಬಗ್ಗದಂತಾಗುತ್ತಿರುವುದರ ಬಗ್ಗೆ ಎಚ್ಚರಿಸುವ, ನವೆಂಬರ್ 18ರಿಂದ 24ರವರೆಗಿನ ಜಾಗೃತಿ ಸಪ್ತಾಹವು ಈ ಸಲವೂ ಬ್ಯಾನರು, ಜಾಥಾ, ಪ್ರತಿಜ್ಞಾವಿಧಿಗಳೊಡನೆ ನಿರ್ವಿಘ್ನವಾಗಿ ನೆರವೇರಿದೆ. ಮೆಡಿಕಲ್ ಶಾಪುಗಳ ನಿತ್ಯಪೂಜೆಗೂ ಅದರಿಂದ ಯಾವ ಭಂಗವೂ ಬಂದಿಲ್ಲ. ನೆಗಡಿಯಾದವರು ಬಂದು "ಅಣ್ಣಾ, ಸ್ವಲ್ಪ ಪವರ್ ಇರೋದು ಕೊಡಿ" ಎನ್ನುತ್ತಾರೆ. ಅಂಗಡಿಯವರು ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್‌ನ ಸ್ಟ್ರಿಪ್ ತೆಗೆದು ಎರಡೇ ಮಾತ್ರೆಗಳನ್ನು ಕತ್ತರಿಸಿ ಕೊಡುತ್ತಾರೆ. ವೈದ್ಯರ ಚೀಟಿಯಿಲ್ಲದೆ ನುಂಗಬೇಡಿರೆಂದು ಸಾರಲು 2016ರಲ್ಲಿ ಪ್ರಚಾರಕ್ಕೆ ತಂದ, ಸ್ಟ್ರಿಪ್ ಮೇಲಿನ ಕೆಂಪು ಗೆರೆಯನ್ನು ಆ ಕತ್ತರಿಯು ಗಿರಾಕಿಗಿಷ್ಟು, ಅಂಗಡಿಗಿಷ್ಟು ಎಂದು ನ್ಯಾಯವಾಗಿ ಹಂಚುತ್ತದೆ. ಎಕ್ಸ್‌ಪೈರಿ ದಿನಾಂಕ ಮಾತ್ರ ಅಂಗಡಿಯ ಪಾಲು.

ಕಾನೂನಿಗೇನೂ ಬರವಿಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್‌1 ಪರಿಶಿಷ್ಟದ ಪ್ರಕಾರ, ಇಂತಹ ಔಷಧ ಮಾರಿದಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧದ ಪ್ರಮಾಣ ಇವಿಷ್ಟನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು. ಇನ್‌ಸ್ಪೆಕ್ಟರ್ ಬರುವ ಸುದ್ದಿ ಸಿಕ್ಕ ರಾತ್ರಿ ಒಂದೇ ಪೆನ್ನಿನಲ್ಲಿ ರಚನೆಯಾಗುವ ಈ ಸಾಹಿತ್ಯ ಪ್ರಕಾರಕ್ಕೆ ಇನ್ನೂ ಪ್ರಶಸ್ತಿ ಬಾರದಿರುವುದು ಅನ್ಯಾಯ.

ನೆಗಡಿಯ ವೈರಸ್ಸಿಗೆ ಈ ಮಾತ್ರೆ ಲೆಕ್ಕಕ್ಕೇ ಇಲ್ಲ. ಪೆಟ್ಟು ಬೀಳುವುದು ಕರುಳಿನಲ್ಲಿ ತಮ್ಮಷ್ಟಕ್ಕೆ ತಾವಿದ್ದ ಬ್ಯಾಕ್ಟೀರಿಯಾಗಳಿಗೆ. ಸಾಯುವವು ಸತ್ತ ಮೇಲೆ, ಔಷಧವನ್ನು ಮುರಿಯಬಲ್ಲ ಕೆಲವು ಉಳಿದು, ತೆರವಾದ ಜಾಗದಲ್ಲಿ ಸಂಸಾರ ಹೂಡಿ, ಆ ವಿದ್ಯೆಯ ಜೀನುಗಳನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಅನ್ಯ ಪ್ರಭೇದಗಳಿಗೂ ದಾಟಿಸುತ್ತವೆ. ಜಾತಿ ಕೇಳದೆ ಹಂಚಿಕೊಳ್ಳುವ ಈ ಔದಾರ್ಯ ನಮ್ಮ ಊರುಗಳಲ್ಲಿ ಕಂಡದ್ದು ಕಡಿಮೆ.

ಹಂಚಿಕೆಯ ಮಾತು ಬಂದಾಗ ನಮ್ಮ ರಾಜಧಾನಿಯನ್ನು ಮರೆಯುವುದು ಹೇಗೆ? ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ದೊರೆತ ಬ್ಯಾಕ್ಟೀರಿಯಾವು ಕಾರ್ಬಪೆನೆಮ್‌ನಂತಹ ಬಲವಾದ ಔಷಧವನ್ನೇ ಮುರಿಯುವ ಕಿಣ್ವವನ್ನು ತಯಾರಿಸುತ್ತಿತ್ತು. ಸಂಶೋಧಕರು ಆ ಕಿಣ್ವದ ಹೆಸರಿನಲ್ಲಿ ನ್ಯೂಡೆಲ್ಲಿಯನ್ನು ಸೇರಿಸಿದರು. 2010ರಲ್ಲಿ ದೇಶ ಸಿಡಿದೆದ್ದಿತು: ಇದು ನಮ್ಮ ವೈದ್ಯಕೀಯ ಪ್ರವಾಸೋದ್ಯಮವನ್ನು ಕೆಡಿಸುವ ಸಂಚು, ಹೆಸರು ಬದಲಿಸಿ! ಮರುವರ್ಷ ದೆಹಲಿಯ 50 ನಲ್ಲಿನೀರಿನ ಮಾದರಿಗಳ ಪೈಕಿ 2ರಲ್ಲಿ ಅದೇ ಕಿಣ್ವದ ಜೀನು ಪತ್ತೆಯಾಯಿತು. ಅದಕ್ಕೆ ಮಾತ್ರ ಯಾರ ಸ್ವಾಭಿಮಾನಕ್ಕೂ ಅಷ್ಟು ನೋವಾದಂತಿರಲಿಲ್ಲ.

ನಗು ಸಾಕಾಗಿದೆ. ಹುಟ್ಟಿ ವಾರ ಕಳೆಯದ ಮಗುವಿನ ರಕ್ತಕ್ಕೆ ಸೋಂಕು ತಗಲಿದಾಗ, ಪ್ರಯೋಗಾಲಯದ ವರದಿಯಲ್ಲಿ ಒಂದೊಂದು ಔಷಧದ ಮುಂದೆಯೂ "ನಿರೋಧಕ", ಅಂದರೆ ಈ ರೋಗಾಣುವಿಗೆ ಇದು ನಾಟದು, ಎಂದು ಬಂದರೆ ವೈದ್ಯರಿಗೆ ಉಳಿಯುವುದು ಕೊಲಿಸ್ಟಿನ್‌ನಂತಹ, ಮೂತ್ರಪಿಂಡಕ್ಕೆ ಅಪಾಯ ಮಾಡಬಲ್ಲ ಹಳೆಯ ಔಷಧ. ಅದನ್ನೇ ನಾವು ಕೋಳಿಗಳು ಬೇಗ ತೂಕ ಬರಲೆಂದು ಮೇವಿಗೆ ಬೆರೆಸುತ್ತಿದ್ದೆವು. ನಿಷೇಧಿಸಲು 2019ರ ಜುಲೈ ಬರಬೇಕಾಯಿತು.