ಡೋರಿ ಶಾರಿಗೆ ಒಂದೇ ಸಾಲು ಸಾಕಾ?

ಹಾಲಿವುಡ್‌ನ ಹಳೆಯ ಎಂಜಿಎಂ ಸ್ಟುಡಿಯೋ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಡೋರಿ ಶಾರಿ ಅವರನ್ನು ಸ್ಟುಡಿಯೋ ಮುಖ್ಯಸ್ಥ ಲೂಯಿಸ್ ಬಿ. ಮೇಯರ್ ಜಾಗಕ್ಕೆ ಬಂದವರು ಎಂದಷ್ಟೇ ಹೇಳಿ ಮುಗಿಸಿದ್ದು ಬೇಸರವಾಯಿತು. ಅವರು ಮೊದಲು ಬರಹಗಾರರು. 1938ರ 'ಬಾಯ್ಸ್ ಟೌನ್' ಚಿತ್ರದ ಕಥೆಗೆ ಆಸ್ಕರ್ ಪಡೆದವರು.

'ಬ್ಯಾಟಲ್‌ಗ್ರೌಂಡ್' ವಿಷಯವನ್ನಾದರೂ ಬರೆಯಬೇಕಿತ್ತು, ಅಲ್ವಾ? ಆರ್‌ಕೆಓ ಎಂಬ ಇನ್ನೊಂದು ಸ್ಟುಡಿಯೋದಲ್ಲಿ ನಿರ್ಮಾಣದ ಮುಖ್ಯಸ್ಥರಾಗಿ ಇದ್ದಾಗಲೇ ಶಾರಿ ಈ ಯುದ್ಧದ ಚಿತ್ರಕ್ಕೆ ತಯಾರಿ ನಡೆಸಿದ್ದರು. 1948ರಲ್ಲಿ ಆ ಸ್ಟುಡಿಯೋ ಉದ್ಯಮಿ ಹೊವಾರ್ಡ್ ಹ್ಯೂಸ್ ಕೈಗೆ ಹೋಯಿತು. ಹ್ಯೂಸ್ ಚಿತ್ರ ಬೇಡ ಎಂದರು. ಶಾರಿ ಕೆಲಸ ಬಿಟ್ಟು ಎಂಜಿಎಂಗೆ ಬಂದರು. ಮೇಯರ್‌ಗೆ ಮನಸ್ಸಿಲ್ಲದಿದ್ದರೂ ಅದೇ ಚಿತ್ರ ಮಾಡಿದರು. 1949ರಲ್ಲಿ ಅದು ಜೋರಾಗಿ ಓಡಿತು, ಎರಡು ಆಸ್ಕರ್ ಕೂಡ ಗೆದ್ದಿತು.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ಸಿಟ್ಟಿದೆ. 1947ರಲ್ಲಿ, ಚಿತ್ರರಂಗದಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ, ರಾಜಕೀಯ ನೋಡದೆ ಪ್ರತಿಭೆ ನೋಡಿಯೇ ಕೆಲಸ ಕೊಡುತ್ತೇನೆ ಎಂದು ಧೈರ್ಯವಾಗಿ ಹೇಳಿದ್ದರು. ಆದರೆ 'ಕ್ರಾಸ್‌ಫೈರ್' ಚಿತ್ರ ಮಾಡಿದ ನಿರ್ಮಾಪಕ ಏಡ್ರಿಯನ್ ಸ್ಕಾಟ್, ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್ ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪದಿದ್ದಾಗ ಇಬ್ಬರನ್ನೂ ಆರ್‌ಕೆಓ ಕೆಲಸದಿಂದ ತೆಗೆಯಿತು. ಶಾರಿ ಅವತ್ತೇ ಹೊರಬರಬೇಕಿತ್ತು.

1956ರಲ್ಲಿ ಎಂಜಿಎಂ ಶಾರಿಯನ್ನೂ ಕೆಲಸದಿಂದ ತೆಗೆಯಿತು. ಎರಡೇ ವರ್ಷಕ್ಕೆ ಅವರು ರೂಸ್‌ವೆಲ್ಟ್ (ಅಮೆರಿಕದ ಅಧ್ಯಕ್ಷರಾಗಿದ್ದವರು) ಬಗ್ಗೆ ಬರೆದ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು, ರಂಗಭೂಮಿಯ ಟೋನಿ ಪ್ರಶಸ್ತಿಯನ್ನೂ ಗೆದ್ದಿತು. ದಯವಿಟ್ಟು ಅವರ ಬಗ್ಗೆಯೇ ಒಂದು ಲೇಖನ ಬರೆಯಿರಿ.